ಸೈಗಾನ್‌ನಲ್ಲಿ ಕಲಿತ ಕಾಫಿ, ನಮ್ಮ ತೋಟದ ರೋಬಸ್ಟಾದಲ್ಲಿ

ವಿಯೆಟ್ನಾಂ ಎಂಬ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಕಾಫಿ ದರದ ಮಾತಿನಲ್ಲಿ. ಸಕಲೇಶಪುರದ ಹತ್ತಿರ ನಮ್ಮದು ನಾಲ್ಕು ಎಕರೆ ತೋಟ, ಹೆಚ್ಚಿನ ಪಾಲು ರೋಬಸ್ಟಾ ಜಾತಿಯ ಕಾಫಿ. ಕೊಯ್ಲು ಮುಗಿದು ಚೆರಿಯ, ಅಂದರೆ ಸಿಪ್ಪೆಯೊಡನೆ ಒಣಗಿಸಿದ ಕಾಫಿ ಹಣ್ಣಿನ, ಮೂಟೆಗಳು ಮನೆಯೊಳಗೆ ಬಂದು ಕುಳಿತಾಗ ಅಪ್ಪ ವ್ಯಾಪಾರಿಗೆ ಫೋನ್ ಮಾಡಿ ಲಂಡನ್ ಮಾರುಕಟ್ಟೆಯ ದರ ಕೇಳುತ್ತಿದ್ದರು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: “ವಿಯೆಟ್ನಾಂನಲ್ಲಿ ಈ ಸಲ ಮಳೆ ಹೇಗಿದೆಯಂತೆ?” ಅಲ್ಲಿ ಬರ ಬಂದರೆ ಇಲ್ಲಿ ದರ ಏರುತ್ತದೆ, ಅಲ್ಲಿ ಬೆಳೆ ಚೆನ್ನಾಗಿದ್ದರೆ ನಮ್ಮ ಮೂಟೆ ಅಗ್ಗ. ಆ ದೇಶದವರು ಕಾಫಿ ಕುಡಿಯುತ್ತಾರೆಯೇ, ಕುಡಿದರೆ ಹೇಗೆ ಎಂದು ನಾವು ಯಾರೂ ಯೋಚಿಸಿದವರಲ್ಲ. ಅಷ್ಟೇ ಏಕೆ, ನಮ್ಮ ರೋಬಸ್ಟಾವನ್ನು ನಾವೇ ಕುಡಿದವರಲ್ಲ. ರೋಬಸ್ಟಾ ಮಾರುವುದಕ್ಕೆ, ಕುಡಿಯುವುದಕ್ಕೆ ಪೇಟೆಯಿಂದ ತಂದ ಅರೇಬಿಕಾ ಪುಡಿ, ಅದಕ್ಕೆ ಸ್ವಲ್ಪ ಚಿಕೋರಿ.

ಉಡುಪು ರಫ್ತು ಮಾಡುವ ಕಂಪನಿಯೊಂದರ ಕೆಲಸದ ಮೇಲೆ ಹನ್ನೊಂದು ತಿಂಗಳು ಹೋ ಚಿ ಮಿನ್ ನಗರದಲ್ಲಿ ಇರಬೇಕಾಗಿ ಬಂತು. ಊರಿನವರು ಇಂದಿಗೂ ಅದನ್ನು ಸೈಗಾನ್ ಎಂದೇ ಕರೆಯುತ್ತಾರೆ. ನಾನಿದ್ದದ್ದು ಬಿನ್ ಥಾನ್ ಭಾಗದ ಒಂದು ‘ಹೆಮ್’ನಲ್ಲಿ, ಅಂದರೆ ಎರಡು ಸ್ಕೂಟರ್ ಎದುರುಬದುರಾದರೆ ಒಂದು ನಿಂತು ದಾರಿ ಬಿಡಬೇಕಾದಂಥ ಓಣಿ. ಓಣಿಯ ಬಾಯಲ್ಲಿ ಒಬ್ಬ ಹೆಂಗಸಿನ ಕಾಫಿ ಗಾಡಿ. ಮೊಣಕಾಲೆತ್ತರವೂ ಇಲ್ಲದ ಕೆಂಪು ಪ್ಲಾಸ್ಟಿಕ್ ಸ್ಟೂಲುಗಳು ಏಳೆಂಟು. ಬೆಳಗಿನ ಐದೂವರೆಗೆಲ್ಲ ಜನ ಬಂದು ಕುಳಿತಿರುತ್ತಿದ್ದರು.

ಎಲ್ಲರೂ ಆಕೆಯನ್ನು ‘ಕೋ’ ಎಂದು ಕರೆಯುತ್ತಿದ್ದರು. ಅದರ ಅರ್ಥ ಅಪ್ಪನ ತಂಗಿ ಎಂದು ತಿಳಿದ ದಿನ ನನಗೆ ಬಹಳ ಹಿಡಿಸಿತು. ನಮ್ಮ ಕಡೆಯೂ ಅಪರಿಚಿತ ಹಿರಿಯರನ್ನು ಅಕ್ಕ, ಅಮ್ಮ, ಅಣ್ಣ ಎಂದಲ್ಲದೆ ಬರಿಯ ಹೆಸರು ಹಿಡಿದು ಕರೆಯುವುದುಂಟೇ? ಅಲ್ಲಂತೂ ‘ನಾನು’, ‘ನೀನು’ ಎನ್ನುವ ಜಾಗದಲ್ಲೂ ಬಂಧುತ್ವದ ಪದಗಳೇ ಬರುತ್ತವೆ. ಆಕೆ ನನ್ನನ್ನು ‘ಕೊನ್’ ಎನ್ನುತ್ತಿದ್ದರು. ಕೊನ್ ಎಂದರೆ ಮಗು. ನಾನು ಕಲಿತ ಮೊದಲ ಪೂರ್ತಿ ವಾಕ್ಯ, ‘ಕೋ, ಒಂದು ಕಾ ಫೇ ಸುವಾ ಡಾ ಕೊಡಿ’ ಎಂಬುದು. ಕಾ ಫೇ ಫ್ರೆಂಚರ ಕಫೆಯಿಂದ ಬಂದದ್ದು, ಸುವಾ ಎಂದರೆ ಹಾಲು, ಡಾ ಎಂದರೆ ಐಸ್. ಹಾಲು ಬೇಡದವರಿಗೆ ‘ಡೆನ್’, ಕಪ್ಪು. ಹನೋಯ್ ಕಡೆಗೆ ಹೋದರೆ ಇದೇ ಹಾಲು ಕಾಫಿಗೆ ‘ನೌ’ ಎನ್ನುತ್ತಾರೆ, ಕಂದು ಬಣ್ಣದ್ದು ಎಂದು.

ಕಾಫಿ ಇಳಿಸುವ ಪಾತ್ರೆಯ ಹೆಸರು ಫಿನ್. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದು, ನಾಲ್ಕು ಭಾಗಗಳು: ಲೋಟದ ಬಾಯಿಯ ಮೇಲೆ ಕೂರುವ ತೂತಿನ ತಟ್ಟೆ, ಅದರ ಮೇಲೆ ತಳದಲ್ಲಿ ತೂತುಗಳಿರುವ ಬಟ್ಟಲು, ಪುಡಿಯ ಮೇಲೆ ಇಡುವ ತೂತಿನ ಬಿಲ್ಲೆ, ಕೊನೆಗೆ ಮುಚ್ಚಳ. ನಮ್ಮ ಹಿತ್ತಾಳೆ ಫಿಲ್ಟರಿನ ಮೇಲ್ಭಾಗವನ್ನಷ್ಟೇ ಕತ್ತರಿಸಿ ಚಿಕ್ಕದು ಮಾಡಿದಂತೆ ಕಾಣುತ್ತದೆ. ಆದರೆ ನಮ್ಮದರಲ್ಲಿ ರಾತ್ರಿ ಹಾಕಿ ಬೆಳಗ್ಗೆ ಇಡೀ ಮನೆಗೆ ಡಿಕಾಕ್ಷನ್ ತೆಗೆಯಬಹುದು. ಫಿನ್ ಒಬ್ಬರಿಗೆ ಒಂದು. ಕುಡಿಯುವವರ ಮುಂದೆಯೇ, ಅವರ ಲೋಟದ ಮೇಲೆಯೇ ಕುಳಿತು ಹನಿ ಹನಿಯಾಗಿ ಇಳಿಯುತ್ತದೆ. ಅಷ್ಟು ಹೊತ್ತು ಕುಳಿತವರು ಬೀದಿ ನೋಡುತ್ತಾರೆ, ಪತ್ರಿಕೆ ಓದುತ್ತಾರೆ, ಪಕ್ಕದವರೊಡನೆ ಮಾತಾಡುತ್ತಾರೆ. ನಾನು ಮೊದಲ ವಾರ ಬಿಲ್ಲೆಯನ್ನು ಚಮಚದಿಂದ ಒತ್ತಿ ಬೇಗ ಇಳಿಸಲು ನೋಡಿದೆ. ಕೋ ನನ್ನ ಕೈ ಹಿಡಿದು, “ತು ತು, ಕೊನ್” ಎಂದರು. ನಿಧಾನ, ಮಗು.

ಕಾಫಿ ಮುಗಿದ ಮೇಲೆ ಕೇಳದೆಯೇ ಒಂದು ಲೋಟ ತಣ್ಣನೆಯ ತೆಳು ಚಹಾ ತಂದಿಡುತ್ತಿದ್ದರು. ಅದಕ್ಕೆ ದುಡ್ಡಿಲ್ಲ. ಅದು ಬಂದರೆ ಇನ್ನೂ ಸ್ವಲ್ಪ ಹೊತ್ತು ಕುಳಿತಿರಿ ಎಂದರ್ಥ. ಸೈಗಾನಿನ ಕಾಫಿಯ ಬಗ್ಗೆ ನನಗೆ ಅತಿ ಹೆಚ್ಚು ಇಷ್ಟವಾದದ್ದು ಬಹುಶಃ ಈ ಚಹಾ.

ಕಾಫಿ ಗಿಡ ಅಲ್ಲಿಗೆ ಹೋದದ್ದು 1857ರಲ್ಲಿ, ಫ್ರೆಂಚ್ ಪಾದ್ರಿಗಳ ಜೊತೆಗೆ. ಆ ಸೆಕೆಯ ನಾಡಿನಲ್ಲಿ ತಾಜಾ ಹಾಲು ಸಿಗುವುದು, ಸಿಕ್ಕರೂ ಕೆಡದೆ ಉಳಿಯುವುದು ಕಷ್ಟವಾಗಿತ್ತು. ಡಬ್ಬಿಯ ಸಿಹಿ ಹಾಲು, ಅಂದರೆ ಕಂಡೆನ್ಸ್ಡ್ ಮಿಲ್ಕ್, ಕಾಫಿಗೆ ಸೇರಿದ್ದು ಹಾಗೆ. ಇಂದು ಫ್ರಿಜ್ ಇದೆ, ತಾಜಾ ಹಾಲೂ ಇದೆ, ಆದರೂ ಯಾರೂ ಡಬ್ಬಿ ಬಿಟ್ಟಿಲ್ಲ. ಬಿಡಬಾರದು ಕೂಡ. ರೋಬಸ್ಟಾದ ಗಡಸು ಕಹಿಗೆ ಆ ದಪ್ಪ ಸಿಹಿಯೇ ಸರಿಯಾದ ಜೋಡಿ. ತೆಳು ಹಾಲು ಅದರ ಮುಂದೆ ನಿಲ್ಲುವುದಿಲ್ಲ. ಕೋ ಬಳಸುತ್ತಿದ್ದದ್ದು ಬಿಳಿಗಡ್ಡದ ಮುದುಕನ ಚಿತ್ರವಿರುವ ‘ಓಂಗ್ ಥೋ’ ಡಬ್ಬಿ. ಚೀನೀ ಮೂಲದವರು ಹೆಚ್ಚಿರುವ ಚೋ ಲೊನ್ ಕಡೆಯಿಂದ ಬಂದ ‘ಬಾಕ್ ಸಿಯೂ’ದಲ್ಲಿ ಹಾಲೇ ಹೆಚ್ಚು, ಕಾಫಿ ಹೆಸರಿಗಷ್ಟೇ. ಮಕ್ಕಳಿಗೆ ಅದು ಬಲು ಇಷ್ಟ.

ರಜೆ ಸಿಕ್ಕಾಗ ರಾತ್ರಿಯ ಸ್ಲೀಪರ್ ಬಸ್ ಹತ್ತಿ ಬುವೋನ್ ಮಾ ಥುವೋಟ್‌ಗೆ ಹೋದೆ. ಮಧ್ಯದ ಎತ್ತರದ ಸೀಮೆಯಲ್ಲಿ, ಡಾಕ್ ಲಾಕ್ ಪ್ರಾಂತ್ಯದಲ್ಲಿರುವ ಈ ಪಟ್ಟಣ ವಿಯೆಟ್ನಾಂ ಕಾಫಿಯ ರಾಜಧಾನಿ. ನಮ್ಮ ಮೂಟೆಯ ಬೆಲೆ ನಿರ್ಧರಿಸುವ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬ ಆಸೆ ಇತ್ತು. ಮಣ್ಣು ನಮ್ಮ ಕಡೆಗಿಂತಲೂ ಕೆಂಪು. ತೋಟಕ್ಕೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಹೊಡೆದದ್ದು ಬಿಸಿಲು. ನಮ್ಮಲ್ಲಿ ತೋಟ ಎಂದರೆ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳು, ಮರಕ್ಕೆ ಹಬ್ಬಿದ ಮೆಣಸು. ಅಲ್ಲಿ ನಾನು ಕಂಡ ಗಿಡಗಳು ಬಯಲಲ್ಲಿ ನಿಂತಿದ್ದವು. ಪ್ರತಿ ಗಿಡದ ಬುಡದಲ್ಲೂ ಅಗಲವಾದ ಪಾತಿ, ಬೇಸಿಗೆಯಲ್ಲಿ ಪೈಪಿನಿಂದ ಅದಕ್ಕೆ ನೀರು ತುಂಬಿಸುತ್ತಾರೆ. ಗಿಡ ಹೂ ಬಿಡಲು ಬೇಕಾದ ಹೂ ಮಳೆಗಾಗಿ ಆಕಾಶ ನೋಡುತ್ತ ಕೂರುವ ನಮಗೆ ಅದೊಂದು ಬೇರೆಯೇ ಲೋಕ. ಎಕರೆಗೆ ಅವರ ಇಳುವರಿ ನಮ್ಮ ಎರಡು ಪಟ್ಟಿಗಿಂತ ಹೆಚ್ಚು. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದು, ರೋಬಸ್ಟಾದಲ್ಲಂತೂ ಮೊದಲನೆಯದು. ನೆರಳಿಲ್ಲದ ಆ ತೋಟ ನನ್ನ ಮನಸ್ಸಿಗೆ ಒಗ್ಗಲಿಲ್ಲ. ಹಕ್ಕಿಯ ಸದ್ದೇ ಇರಲಿಲ್ಲ. ಆದರೆ ಮನೆಯ ಯಜಮಾನ ತನ್ನದೇ ತೋಟದ ರೋಬಸ್ಟಾವನ್ನು ಹುರಿದು, ಫಿನ್‌ನಲ್ಲಿ ಇಳಿಸಿ, ಎರಡೂ ಕೈಯಿಂದ ನನ್ನ ಮುಂದಿಟ್ಟಾಗ ಎದೆಯಲ್ಲಿ ಏನೋ ಕಲಕಿತು. ಅಪ್ಪ ಐವತ್ತು ವರ್ಷ ಬೆಳೆದದ್ದನ್ನು ಒಂದು ಲೋಟವೂ ಕುಡಿದಿಲ್ಲವಲ್ಲ.

ಬರುವಾಗ ಎರಡು ಫಿನ್ ತಂದೆ, ಒಂದು ಅಲ್ಯೂಮಿನಿಯಂನದು, ಒಂದು ಸ್ಟೀಲಿನದು.

ಮನೆಯಲ್ಲಿ ಮೊದಲ ಪ್ರಯತ್ನಕ್ಕೆ ಡಬ್ಬಿಯಲ್ಲಿದ್ದ ನಮ್ಮ ಫಿಲ್ಟರ್ ಪುಡಿಯನ್ನೇ ಹಾಕಿದೆ. ಹತ್ತು ನಿಮಿಷವಾದರೂ ನಾಲ್ಕು ಹನಿ ಇಳಿಯಲಿಲ್ಲ. ಚಿಕೋರಿ ನೀರು ಕುಡಿದು ಅಂಟಾಗಿ ತೂತುಗಳನ್ನು ಮುಚ್ಚಿಬಿಟ್ಟಿತ್ತು, ಪುಡಿಯೂ ತೀರಾ ನುಣ್ಣಗಿತ್ತು. ಮರುದಿನ ಮಿಕ್ಸಿಯಲ್ಲಿ ಬೀಜ ಒಡೆದು ಹಾಕಿದೆ. ಅರ್ಧ ನಿಮಿಷದಲ್ಲಿ ನೀರೆಲ್ಲ ಸುರಿದುಹೋಗಿ ಲೋಟದಲ್ಲಿ ತೆಳು ಕಂದು ನೀರು ನಿಂತಿತು. ಮಿಕ್ಸಿ ಒಂದಷ್ಟನ್ನು ಹಿಟ್ಟು ಮಾಡುತ್ತದೆ, ಒಂದಷ್ಟನ್ನು ನುಚ್ಚಾಗಿಯೇ ಬಿಡುತ್ತದೆ. ಕೈಯಿಂದ ತಿರುಗಿಸುವ ಗ್ರೈಂಡರ್ ತಂದ ಮೇಲೆಯೇ ಹದ ಸಿಕ್ಕಿದ್ದು. ಪುಡಿ ಚಿರೋಟಿ ರವೆಯಷ್ಟು ಇರಬೇಕು. ಬೆರಳುಗಳ ನಡುವೆ ತಿಕ್ಕಿದರೆ ತರಿ ತರಿ ಎನ್ನಬೇಕು, ಬೆರಳಿಗೆ ಮೆತ್ತಿಕೊಳ್ಳಬಾರದು.

ಹುರಿಯುವುದನ್ನೂ ಮನೆಯಲ್ಲೇ ಮಾಡುತ್ತೇನೆ. ದಪ್ಪ ಕಬ್ಬಿಣದ ಬಾಣಲೆ, ಸಿಪ್ಪೆ ತೆಗೆಸಿದ ಕಾಲು ಕಿಲೋ ರೋಬಸ್ಟಾ ಬೀಜ, ಮಧ್ಯಮ ಉರಿ. ಕೈ ಬಿಡದೆ ತಿರುವಬೇಕು. ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಹುರಿಗಡಲೆಯ ವಾಸನೆ. ಹನ್ನೆರಡು ನಿಮಿಷದ ಸುಮಾರಿಗೆ ಬೀಜ ಚಟಪಟ ಸಿಡಿಯುತ್ತದೆ. ಅಲ್ಲಿಗೇ ನಿಲ್ಲಿಸಬಾರದು. ಸ್ವಲ್ಪ ಹೊತ್ತಿಗೆ ಎರಡನೆಯ ಸಲ, ಈ ಬಾರಿ ಸಣ್ಣ ಸದ್ದಿನಲ್ಲಿ, ಸಿಡಿಯಲು ಶುರುವಾಗುತ್ತದೆ. ಬೀಜದ ಮೈಮೇಲೆ ಎಣ್ಣೆಯ ಹೊಳಪು ಕಂಡ ಕೂಡಲೇ ಒಲೆಯಿಂದ ಇಳಿಸಿ ಒಂದು ಚಮಚ ಬೆಣ್ಣೆ, ಅರ್ಧ ಚಮಚ ಸಕ್ಕರೆ ಹಾಕಿ ಬಿಸಿಯಲ್ಲೇ ತಿರುವಿ, ಮೊರಕ್ಕೆ ಸುರಿದು ಬೀಸಿ ಆರಿಸುತ್ತೇನೆ. ಬೆಣ್ಣೆ ಹಾಕಿ ಹುರಿಯುವುದು ವಿಯೆಟ್ನಾಂನ ಹಳೆಯ ಪದ್ಧತಿ. ಅಲ್ಲಿಯ ಕಾಫಿಗೆ ಚಾಕೊಲೇಟಿನಂಥ ವಾಸನೆ ಬರುವುದರಲ್ಲಿ ಅದರ ಪಾಲೂ ಇದೆ. ಅಗ್ಗದ ಪುಡಿಯಲ್ಲಿ ಹುರಿದ ಮೆಕ್ಕೆಜೋಳ, ಸೋಯಾ ಬೆರೆಸುವ ಕೆಟ್ಟ ಚಾಳಿಯೂ ಅಲ್ಲುಂಟು, ಹಾಗಾಗಿ ಪುಡಿ ಕೊಳ್ಳುವುದಕ್ಕಿಂತ ಬೀಜ ಕೊಳ್ಳುವುದೇ ವಾಸಿ. ಹೊಗೆ ಬಹಳ ಬರುತ್ತದೆ, ಹಿತ್ತಿಲಲ್ಲಿ ಹುರಿಯಿರಿ. ಎರಡು ದಿನ ಬಿಟ್ಟು ಪುಡಿ ಮಾಡಿ.

ಈಗ ಇಳಿಸುವ ಕ್ರಮ. ದಪ್ಪ ಗಾಜಿನ ಲೋಟದ ತಳಕ್ಕೆ ಎರಡು ದೊಡ್ಡ ಚಮಚ ಕಂಡೆನ್ಸ್ಡ್ ಮಿಲ್ಕ್. ನಮ್ಮಲ್ಲಿ ಸಿಗುವ ಮಿಲ್ಕ್‌ಮೇಡ್ ಚೆನ್ನಾಗಿ ಹೊಂದುತ್ತದೆ. ಫಿನ್ನಿಗೆ ಮೊದಲು ಬಿಸಿನೀರು ಹಾಯಿಸಿ ಬಿಸಿ ಮಾಡಿಕೊಳ್ಳುತ್ತೇನೆ. 20 ಗ್ರಾಂ ಪುಡಿ ಹಾಕಿ, ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿ ಸಮ ಮಾಡಿ, ಬಿಲ್ಲೆಯನ್ನು ಮೇಲಿಡುತ್ತೇನೆ. ಒತ್ತುವುದಿಲ್ಲ, ಇಡುವುದಷ್ಟೇ. ಕುದಿದ ನೀರನ್ನು ಅರ್ಧ ನಿಮಿಷ ಬಿಟ್ಟು, ಎರಡು ದೊಡ್ಡ ಚಮಚದಷ್ಟು, ಅಂದರೆ 30 ಮಿಲಿ, ಬಿಲ್ಲೆಯ ಮೇಲೆ ಸುತ್ತಲೂ ಸುರಿಯುತ್ತೇನೆ. ಮುಕ್ಕಾಲು ನಿಮಿಷ ಕಾಯಬೇಕು. ಪುಡಿ ನೀರು ಕುಡಿದು ಉಬ್ಬುತ್ತದೆ, ಬಿಲ್ಲೆ ಕೂದಲೆಳೆಯಷ್ಟು ಮೇಲೇಳುತ್ತದೆ, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಬರುತ್ತವೆ. ಈ ಮುಕ್ಕಾಲು ನಿಮಿಷವನ್ನು ಬಿಟ್ಟವರ ಕಾಫಿ ಪ್ರತಿಸಲವೂ ತೆಳುವಾಗುತ್ತದೆ. ಆಮೇಲೆ 80 ಮಿಲಿ ನೀರು ಹಾಕಿ ಮುಚ್ಚಳ ಮುಚ್ಚಿ.

ಗಾಜಿನ ಲೋಟವೇ ಏಕೆಂದರೆ ಮುಂದಿನದು ಕಣ್ಣಿಗೆ ಕಾಣಬೇಕು. ಮೊದಲ ಹನಿ ಬೀಳಲು ಸ್ವಲ್ಪ ತಡವಾಗುತ್ತದೆ. ಬಿದ್ದ ಹನಿ ಬಿಳಿ ಹಾಲಿನ ಮೇಲೆ ಒಂದು ಕಪ್ಪು ಬೊಟ್ಟಾಗಿ ನಿಂತು, ನಿಧಾನವಾಗಿ ಅಂಚಿಗೆ ಹರಡುತ್ತದೆ. ಹತ್ತಿಪ್ಪತ್ತು ಹನಿಯಾದ ಮೇಲೆ ಹಾಲಿನ ಮೇಲೆ ಕಪ್ಪು ಪದರ ಕಟ್ಟುತ್ತದೆ, ನಡುವಿನ ಗೆರೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹನಿಗಳು ಒಂದೊಂದಾಗಿ ಎಣಿಸುವ ಹಾಗೆ ಬೀಳಬೇಕು. ಧಾರೆಯಾಗಿ ಸುರಿದರೆ ಪುಡಿ ದಪ್ಪವಾಗಿದೆ. ಹನಿ ನಡುವೆ ನಿಂತೇಹೋದರೆ ನುಣ್ಣಗಾಗಿದೆ. ನಾಲ್ಕರಿಂದ ಐದು ನಿಮಿಷದಲ್ಲಿ ಮುಗಿದರೆ ಹದ ಸರಿ. ಪುಡಿ ಒಂದಷ್ಟು ನೀರನ್ನು ತಾನೇ ಇಟ್ಟುಕೊಳ್ಳುವುದರಿಂದ ಲೋಟಕ್ಕೆ ಬರುವುದು 70 ಮಿಲಿಯಷ್ಟು. ಮುಚ್ಚಳವನ್ನು ಬೋರಲಾಗಿ ಮೇಜಿನ ಮೇಲಿಟ್ಟು ಫಿನ್ನನ್ನು ಅದರ ಮೇಲೆ ಕೂರಿಸಿದರೆ ಮೇಜು ಹೊಲಸಾಗುವುದಿಲ್ಲ. ತಳದಿಂದ ಚೆನ್ನಾಗಿ ಕಲಕಿ, ಲೋಟ ತುಂಬ ಐಸ್ ಇರುವ ಇನ್ನೊಂದು ಲೋಟಕ್ಕೆ ಸುರಿಯಿರಿ. ಮಳೆಗಾಲದಲ್ಲಿ ನಾನು ಐಸ್ ಇಲ್ಲದೆ ಬಿಸಿಯಾಗಿಯೇ ಕುಡಿಯುತ್ತೇನೆ; ಆಗ ಲೋಟವನ್ನು ಬಿಸಿನೀರಿನ ಬಟ್ಟಲಲ್ಲಿ ಇಟ್ಟುಕೊಂಡು ಇಳಿಸಬೇಕು, ಇಲ್ಲವಾದರೆ ಆ ಐದು ನಿಮಿಷದಲ್ಲಿ ಆರಿಹೋಗುತ್ತದೆ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಎರಡು ಪಟ್ಟಿನ ಹತ್ತಿರ ಇರುತ್ತದೆ, ಸಂಜೆಯ ಮೇಲೆ ಬೇಡ.

ಮೊಟ್ಟೆ ಕಾಫಿಯ ಬಗ್ಗೆಯೂ ಹೇಳಿಬಿಡುತ್ತೇನೆ. 1946ರಲ್ಲಿ ಹಾಲಿಗೆ ತತ್ವಾರವಾಗಿದ್ದಾಗ ಹನೋಯ್‌ನ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನ್ಗುಯೆನ್ ವಾನ್ ಜಾಂಗ್ ಎಂಬವರು ಹಾಲಿನ ಬದಲು ಮೊಟ್ಟೆಯ ಹಳದಿಯನ್ನು ನೊರೆ ಬರಿಸಿ ಕಾಫಿಗೆ ಹಾಕಿದರು. ಅವರ ಹೆಸರಿನ ಕೆಫೆ ಇಂದಿಗೂ ಹಳೆಯ ಪೇಟೆಯ ಇಕ್ಕಟ್ಟಾದ ಸಂದಿಯೊಳಗೆ ನಡೆಯುತ್ತಿದೆ. ಮನೆಯಲ್ಲಿ ಮಾಡುವುದಾದರೆ ಒಂದು ತಾಜಾ ಮೊಟ್ಟೆಯ ಹಳದಿ, ಎರಡು ಚಮಚ ಕಂಡೆನ್ಸ್ಡ್ ಮಿಲ್ಕ್, ಬಟ್ಟಲನ್ನು ಬಿಸಿನೀರಿನ ಮೇಲಿಟ್ಟು ಐದಾರು ನಿಮಿಷ ಕಡೆಯಿರಿ. ಹಳದಿ ಬಣ್ಣ ಕೆನೆಗೆ ತಿರುಗಿ, ಚಮಚ ಎತ್ತಿದರೆ ದಾರದಂತೆ ಇಳಿಯಬೇಕು. ಅದನ್ನು ಬಿಸಿ ಕಪ್ಪು ಕಾಫಿಯ ಮೇಲೆ ಹಾಕಿ. ಮೊಟ್ಟೆಯ ವಾಸನೆ ಬಂದರೆ ಕಡೆದದ್ದು ಸಾಲದು ಎಂದೇ ಅರ್ಥ.

ಅಪ್ಪನಿಗೆ ಮೊದಲು ಕೊಟ್ಟದ್ದು ಮಾತ್ರ ಐಸ್ ಇಲ್ಲದ, ಹಾಲು ಕಡಿಮೆ ಹಾಕಿದ ಲೋಟ. ಜಗುಲಿಯ ಮೇಲೆ ಫಿನ್ ಇಟ್ಟು ಪಕ್ಕದಲ್ಲಿ ಕುಳಿತೆ. ಹನಿ ಬೀಳುವುದನ್ನು ಅವರು ಕನ್ನಡಕ ಏರಿಸಿಕೊಂಡು ನೋಡಿದರು. ಎರಡು ಗುಟುಕು ಕುಡಿದು, “ಇದು ನಮ್ಮ ತೋಟದ್ದೇ ಏನು?” ಎಂದು ಕೇಳಿದರು. ಹೌದು ಎಂದೆ. ಪೂರ್ತಿ ಕುಡಿದರು.

ಈ ಜನವರಿಯಲ್ಲಿ ಕೊಯ್ಲಿನವರಿಗೆ ಅಪ್ಪ ತಾವಾಗಿಯೇ ಹೇಳಿದರು, ಕೆಳಗಿನ ಸಾಲಿನ ಗಿಡಗಳಲ್ಲಿ ಕೆಂಪಗಾದ ಹಣ್ಣನ್ನಷ್ಟೇ ಬಿಡಿಸಿ, ಹಸಿರು ಬೇಡ, ಅದು ಮನೆಗೆ ಎಂದು. ಎರಡು ಚೀಲ ಹಣ್ಣಾಯಿತು. ಕಣದ ಮೂಲೆಯಲ್ಲಿ ಬೇರೆಯೇ ಹರವಿ, ದಿನಕ್ಕೆ ನಾಲ್ಕು ಸಲ ಅವರೇ ಕೈಯಾಡಿಸುತ್ತಿದ್ದರು, ಸಂಜೆ ಇಬ್ಬನಿ ತಾಗದಂತೆ ಒಟ್ಟಿ ಮುಚ್ಚುತ್ತಿದ್ದರು. ಹನ್ನೆರಡನೆಯ ದಿನ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸಿಪ್ಪೆಯೊಳಗೆ ಬೀಜ ಗಿಲಕಿಯಂತೆ ಸದ್ದು ಮಾಡಿತು. ಗಿರಣಿಗೆ ಒಯ್ಯೋಣವೇ ಎಂದು ಕೇಳಿದೆ.

“ಇನ್ನೆರಡು ಬಿಸಿಲು ಬೀಳಲಿ” ಎಂದರು.