ಬಣ್ಣಕ್ಕಂಟಿದ ಟೈರ್ ರಬ್ಬರ್ ಬಿಡಿಸಿದ್ದು

ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸಿ ಬಂದು ನೋಡಿದರೆ ಬಂಪರ್ ಮೇಲೂ ಚಕ್ರಗಳ ಹಿಂಬದಿಯಲ್ಲೂ ರಬ್ಬರಿನ ಕಪ್ಪು ಕಲೆಗಳು. ಶಾಂಪೂ ಹಾಕಿ ಎರಡು ಸಲ ತೊಳೆದರೂ ಜಗ್ಗಲಿಲ್ಲ. ಉಗುರಿನಿಂದ ಕೆರೆದೆ; ಸಣ್ಣ ಗೀರೊಂದು ಉಳಿಯಿತು, ಆ ಪೆದ್ದುತನ ನನ್ನದೇ.

ಕೊನೆಗೆ ಕೆಲಸಕ್ಕೆ ಬಂದದ್ದು ಕಾರಿಗೆ ಅಂಟಿದ ಡಾಂಬರು ತೆಗೆಯುವ ದ್ರಾವಣ. ರಬ್ಬರ್ ನೀರಿಗೆ ಬಗ್ಗುವುದಿಲ್ಲ, ಪೆಟ್ರೋಲಿಯಂ ಮೂಲದ ದ್ರಾವಣಕ್ಕೆ ಮೆತ್ತಗಾಗುತ್ತದೆ. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿದೆ. ಆಮೇಲೆ ನೆರಳಿನಲ್ಲಿ, ಬಾಡಿ ತಣ್ಣಗಿದ್ದಾಗ, ಮೈಕ್ರೋಫೈಬರ್ ಬಟ್ಟೆಯನ್ನು ಅದರಲ್ಲಿ ನೆನೆಸಿ ಕಲೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿದೆ. ಉಜ್ಜಬೇಕಾಗಲೇ ಇಲ್ಲ, ಒರೆಸಿದರೆ ಸಾಕಾಯಿತು. ಬಟ್ಟೆಯ ಮಗ್ಗುಲನ್ನು ಮಾತ್ರ ಬದಲಿಸುತ್ತಲೇ ಇರಬೇಕು. ಸಿಕ್ಕಿಕೊಂಡ ಮರಳು ಬಣ್ಣವನ್ನು ಗೀಚುತ್ತದೆ. ದ್ರಾವಣವು ಹಳೆಯ ವ್ಯಾಕ್ಸ್ ಪದರವನ್ನೂ ಕಿತ್ತುಹಾಕುವುದರಿಂದ ಮತ್ತೆ ತೊಳೆದು, ಒಣಗಿಸಿ ಹೊಸದಾಗಿ ಹಚ್ಚಿದೆ.