ಸುಟ್ಟ ಗೋಡೆಯನ್ನು ಉಳಿಸಿಕೊಂಡ ಹಾಲ್

2009ರ ಫೆಬ್ರವರಿ 7ರ ಕಾಳ್ಗಿಚ್ಚು ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 173 ಜನರನ್ನು ಬಲಿ ತೆಗೆದುಕೊಂಡಿತು. ಮೆಲ್ಬರ್ನ್‌ನ ಈಶಾನ್ಯದ ಗುಡ್ಡಗಳಲ್ಲಿ ಅಂದು ಅರೆಸುಟ್ಟು, ಆಮೇಲೆ ಪಾಳುಬಿದ್ದ ಮರದ ಹಾಲ್ ಒಂದನ್ನು ಸ್ಮಾರಕ ಮಾಡಿದ ಕೆಲಸದ ವಿವರ ಇದು.

ಒಳಗೆ ಕಾಲಿಡುವ ಮೊದಲೇ ವಿಷ ಹುಡುಕಬೇಕು. ಅಡುಗೆಕೋಣೆಯ ಗೋಡೆಗೆ ಕಲ್ನಾರಿನ ಶೀಟು ಹೊಡೆದಿತ್ತು. 10 ಚದರ ಮೀಟರ್ ದಾಟಿದರೆ ಪರವಾನಗಿ ಇದ್ದವರೇ ತೆಗೆಯಬೇಕು. 1970ಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇದ್ದೇ ಇದೆ ಎಂದುಕೊಂಡು, ಒಣಗಿದ್ದನ್ನು ಉಜ್ಜದೆ ನೀರು ಚಿಮುಕಿಸಿ ಕೆರೆದೆವು. ಎಲ್ಲರೂ ಮರೆಯುವುದು ಬೂದಿಯನ್ನು. ಸಿಸಿಎ (ಮರ ಕೊಳೆಯದಂತೆ ಉಣಿಸುವ, ತಾಮ್ರ-ಕ್ರೋಮಿಯಂ-ಆರ್ಸೆನಿಕ್ ಬೆರೆತ ರಾಸಾಯನಿಕ) ಉಣಿಸಿದ ಹಸಿರು ಛಾಯೆಯ ಬೇಲಿಕಂಬ ಸುಟ್ಟರೆ ಬೂದಿಯಲ್ಲಿ ಆರ್ಸೆನಿಕ್ ಉಳಿಯುತ್ತದೆ. ಬರಿಗೈ ತಾಗಿಸಬಾರದು, ಪೊರಕೆಯಲ್ಲಿ ಗುಡಿಸಲೂಬಾರದು. ಒದ್ದೆ ಮಾಡಿ, ಮಣ್ಣಿನ ಸಮೇತ ಸಲಿಕೆಯಲ್ಲಿ ಎತ್ತಬೇಕು.

ಇನ್ನು ನೆಲ. ಇಂಥ ಹಾಲ್‌ಗಳು ಸ್ಟಂಪ್‌ಗಳ ಮೇಲೆ, ಅಂದರೆ ಹೂತ ಗಿಡ್ಡ ಕಂಬಗಳ ಮೇಲೆ ನಿಂತಿರುತ್ತವೆ. ಆ ಕಂಬಗಳ ರೆಡ್‌ಗಮ್ (ನೀಲಗಿರಿ ಜಾತಿಯದು) ಗಟ್ಟಿಮರವೇ, ಆದರೂ ಗಾಳಿ, ತೇವ ಎರಡೂ ಸಿಗುವ ಮಣ್ಣಿನ ಮಟ್ಟದ ನಾಲ್ಕು ಬೆರಳಗಲದಲ್ಲಿ ಕೊಳೆಯುತ್ತದೆ. ಮೇಲೆ ನೋಡಿದರೆ ಹೊಸದರಂತಿರುತ್ತದೆ, ಬುಡ ಬಗೆದು ಸ್ಕ್ರೂಡ್ರೈವರ್ ಚುಚ್ಚಿಯೇ ನೋಡಬೇಕು. ನಮ್ಮಲ್ಲಿ ಮುಕ್ಕಾಲು ಪಾಲು ಹೋಗಿದ್ದವು. ತೊಲೆಯ ಕೆಳಗೆ 10 ಟನ್ನಿನ ಬಾಟಲ್ ಜ್ಯಾಕ್, ಅದರಡಿ ಅಗಲವಾದ ಹಲಗೆ. ದಿನಕ್ಕೆ 3 ಮಿ.ಮೀ. ಎತ್ತಿದ್ದು. ಅವಸರ ಮಾಡಿ ಅರ್ಧ ಇಂಚು ಎತ್ತಿದ ಒಂದು ಮೂಲೆಯಲ್ಲಿ ಒಳಗೋಡೆಯ ಹಲಗೆಗಳು ಒಂದಕ್ಕೊಂದು ಕೂರುವ ನಾಲಿಗೆಯಂಚು ಸೀಳಿತು, ಹಳೆಯ ಕಿಟಕಿ ಗಾಜು ಬಿರುಕುಬಿಟ್ಟಿತು. ಲೇಸರ್ ಇತ್ತು ನಿಜ, ಆದರೆ ಕಂಬಗಳು ಅಡ್ಡ ಬರುವ ನೆಲದಡಿಯಲ್ಲಿ ನಮ್ಮೂರ ಗಾರೆಯವರ ನೀರಿನ ಟ್ಯೂಬೇ ಸಲೀಸು. ಹೊಸ ಕಾಂಕ್ರೀಟ್ ಸ್ಟಂಪ್‌ಗಳು 100 ಮಿ.ಮೀ. ಚೌಕ, ಪ್ರತಿಯೊಂದರ ತಲೆಗೂ ಗೆದ್ದಲು ಕಣ್ಣುತಪ್ಪಿಸಿ ಮೇಲೇರದಂತೆ ತಗಡಿನ ಟೋಪಿ.

ನೆಲದಡಿಯನ್ನು ಪೂರ್ತಿ ಮುಚ್ಚಿದರೆ ಮರ ಕೊಳೆಯುತ್ತದೆ, ಬಿಟ್ಟರೆ ಮುಂದಿನ ಬೆಂಕಿಯ ಕಿಡಿ ಒಳಗೆ ನುಗ್ಗುತ್ತದೆ. 2 ಮಿ.ಮೀ. ಕಣ್ಣಿನ ಉಕ್ಕಿನ ಜಾಲರಿ ಎರಡಕ್ಕೂ ಉತ್ತರ. ಬೆಂಕಿಯ ಅಪಾಯ ಕಡಿಮೆಯಿರುವ ಕಡೆ ಅಲ್ಯೂಮಿನಿಯಂ ಜಾಲರಿಗೂ ಅನುಮತಿಯಿದೆ, ಆದರೆ ಅದು 660 ಡಿಗ್ರಿಗೆ ಕರಗುತ್ತದೆ; ನನಗದು ಒಪ್ಪಿಗೆಯಿಲ್ಲ.

ಪಶ್ಚಿಮದ ಗೋಡೆಯ ಒಳಮೈ ಇದ್ದಿಲಾಗಿತ್ತು. ಅದನ್ನೂ ಹೊಸದು ಮಾಡಿದ್ದರೆ ಅಲ್ಲಿ ಬೆಂಕಿ ಬಂದಿತ್ತೆಂಬುದಕ್ಕೆ ಗುರುತೇ ಉಳಿಯುತ್ತಿರಲಿಲ್ಲ. ಉದುರುವ ಪುಡಿಯನ್ನು ಮೆತ್ತನೆಯ ಬ್ರಷ್‌ನಿಂದ ತೆಗೆದು, ಅಸಿಟೋನ್‌ನಲ್ಲಿ 5% ಕರಗಿಸಿದ ಪ್ಯಾರಾಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ಎರಡು ಸಲ ಕುಡಿಸಿದೆವು. ದಪ್ಪ ಮಾಡಿದರೆ ಇದ್ದಿಲು ಎಣ್ಣೆ ಬಳಿದಂತೆ ಮಿನುಗುತ್ತದೆ. ಅಸಿಟೋನ್ ಕಿಡಿ ತಾಕಿದರೆ ಹೊತ್ತಿಕೊಳ್ಳುವಂಥದ್ದು, ಬಾಗಿಲು ತೆರೆದಿಟ್ಟೇ ಕೆಲಸ. ಆ ಗೋಡೆಯ ಮುಂದೆ ನಿಲ್ಲಿಸಿದ ಗಾಜಿಗೆ ಮೇಲೂ ಕೆಳಗೂ 20 ಮಿ.ಮೀ. ಸಂದು ಬಿಡದಿದ್ದರೆ ಒಳಗೆ ಬೆವರುತ್ತದೆ.

ಮಡಿದವರ ಹೆಸರುಗಳನ್ನು ಒಂದೇ ಕಲ್ಲಿನಲ್ಲಿ ಕೆತ್ತಿಸಬೇಡಿ. ಕೆಲವು ಮನೆಯವರಿಗೆ ಹೆಸರು ಬೇಡ, ಕೆಲವರು ವರ್ಷಗಳಾದ ಮೇಲೆ ಕೇಳಿಕೊಂಡು ಬರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಹಿತ್ತಾಳೆ ಪಟ್ಟಿ, ಎರಡೆರಡು ಹಿತ್ತಾಳೆ ಸ್ಕ್ರೂ. ಕೆಳಸಾಲಿನಲ್ಲಿ ತೂತು ಕೊರೆದಿಟ್ಟ ಖಾಲಿ ಜಾಗಗಳಿವೆ.