ಹೊಸ ಜೀರುಂಡೆಗೆ ಹೆಸರಿಡುವ ಮುನ್ನ

ತರಗೆಲೆಗಳ ಅಡಿಯಲ್ಲಿ ಬದುಕುವ ಸಣ್ಣ ಜೀರುಂಡೆಗಳ ವರ್ಗೀಕರಣ ನನ್ನ ಅಧ್ಯಯನದ ಕ್ಷೇತ್ರ. ಹೊಸ ಪ್ರಭೇದವನ್ನು ಪ್ರಕಟಿಸುವುದೆಂದರೆ ಒಳ್ಳೆಯ ಹೆಸರನ್ನು ಹುಡುಕುವುದು ಎಂದು ಹಲವರು ಭಾವಿಸಿದ್ದಾರೆ. ಹೆಸರಿಗೆ ಒಂದು ಸಂಜೆ ಸಾಕು. ಆ ಜೀವಿಗೆ ಹಿಂದೆಯೇ ಯಾರೂ ಹೆಸರಿಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳುವುದೇ ನಿಜವಾದ ಕೆಲಸ.

ಈ ಬಾರಿ ಕೈಗೆ ಬಂದ ಮಾದರಿಗಳನ್ನು ಗುರುತುಕೀಲಿಯ (ಹಂತಹಂತವಾಗಿ ಎರಡೆರಡು ಲಕ್ಷಣಗಳಲ್ಲಿ ಒಂದನ್ನು ಆರಿಸುತ್ತಾ ಹೆಸರು ತಲುಪುವ ಪಟ್ಟಿ) ಮೂಲಕ ಪರೀಕ್ಷಿಸಿದಾಗ ಕುಟುಂಬವೂ ಕುಲವೂ ಸುಲಭವಾಗಿ ತಿಳಿದವು. ಪ್ರಭೇದದ ಹಂತದಲ್ಲಿ ಮಾತ್ರ ಕೀಲಿ ನೀಡುವ ಎರಡು ಆಯ್ಕೆಗಳಲ್ಲಿ ಒಂದೂ ಹೊಂದಲಿಲ್ಲ. ಹೊರನೋಟಕ್ಕೆ ಒಂದೇ ಆಗಿ ಕಾಣುವ ಜೀರುಂಡೆಗಳು ಗಂಡಿನ ಜನನಾಂಗದ ಆಕಾರದಲ್ಲಿ ಬೇರೆಯಾಗಿರುವುದು ಸಾಮಾನ್ಯವಾದ್ದರಿಂದ, ಉದರಭಾಗವನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೆಚ್ಚಗಿರಿಸಿ, ಸ್ನಾಯುಗಳು ಕರಗಿದ ಬಳಿಕ ಆ ಅಂಗವನ್ನು ಗ್ಲಿಸರಿನ್‌ನಲ್ಲಿಟ್ಟು ಸೂಕ್ಷ್ಮದರ್ಶಕದಡಿ ಚಿತ್ರ ಬರೆದುಕೊಂಡೆ. ಗಾತ್ರವನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಏಕೆಂದರೆ ಮರಿಹುಳುವಿಗೆ ದೊರೆತ ಆಹಾರ ಕಡಿಮೆಯಾದರೂ ಪ್ರೌಢ ಕೀಟ ಚಿಕ್ಕದಾಗುತ್ತದೆ. ಒಂದು ಕಾಲಿನಿಂದ ತೆಗೆದ ಡಿಎನ್‌ಎಯಲ್ಲಿ, ಪ್ರಾಣಿಗಳ ಗುರುತಿಗೆ ರೂಢಿಯಲ್ಲಿರುವ ಸುಮಾರು 650 ಪ್ರತ್ಯಾಮ್ಲ ಜೋಡಿಗಳ ಮೈಟೊಕಾಂಡ್ರಿಯಾ ತುಣುಕನ್ನು ಓದಿಸಿದಾಗ ಅದೂ ಬೇರೆಯಾಗಿಯೇ ನಿಂತಿತು. ಆದರೆ ಇಷ್ಟು ಶೇಕಡಾ ಅಂತರವಿದ್ದರೆ ಬೇರೆ ಪ್ರಭೇದ ಎಂಬ ಸಾರ್ವತ್ರಿಕ ನಿಯಮವಿಲ್ಲ. ಡಿಎನ್‌ಎಯನ್ನೇ ಅಂತಿಮ ತೀರ್ಪೆಂದು ಒಪ್ಪುವವರೊಂದಿಗೆ ನನಗೆ ಸಹಮತವಿಲ್ಲ.

ನಂತರ ಹಳೆಯ ಸಾಹಿತ್ಯದತ್ತ ತಿರುಗಿದೆ. ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಸ್ವೀಡನ್ನಿನ ನಿಸರ್ಗವಿಜ್ಞಾನಿ ಲಿನೇಯಸ್‌ನ ‘ಸಿಸ್ಟೆಮಾ ನ್ಯಾಚುರೇ’ಯ ಹತ್ತನೆಯ ಆವೃತ್ತಿಯ ವರ್ಷವಾದ 1758ರಿಂದ ಆರಂಭವಾಗುತ್ತದೆ, ಸಸ್ಯಗಳಿಗೆ 1753. ಅಂದಿನಿಂದ ನಿಯಮಬದ್ಧವಾಗಿ ಪ್ರಕಟವಾದ ಹೆಸರುಗಳಲ್ಲಿ ಮೊದಲಿನದಕ್ಕೇ ಸಾಮಾನ್ಯವಾಗಿ ಮನ್ನಣೆ ದೊರೆಯುವುದರಿಂದ, ಮೂಲೆಗೆ ಸರಿದ ಹೆಸರನ್ನೂ ಕಡೆಗಣಿಸುವಂತಿಲ್ಲ. ನನ್ನ ಕುಲದಲ್ಲಿ ಅಂಥದ್ದೊಂದು ಹೆಸರಿತ್ತು. ಇನ್ನೊಂದು ಪ್ರಭೇದದ ಪರ್ಯಾಯನಾಮವೆಂದು ಅದನ್ನು ಬದಿಗಿಡಲಾಗಿತ್ತು. ಅದರ ಮೂಲ ವಿವರಣೆ ಲ್ಯಾಟಿನ್‌ನ ಕೆಲವೇ ಸಾಲುಗಳದು, ಕಪ್ಪು, ಹೊಳಪು, ಚಿಕ್ಕದು ಎಂಬುದಕ್ಕಿಂತ ಹೆಚ್ಚೇನನ್ನೂ ಹೇಳದ ವಿವರಣೆ. ಆ ಹೆಸರಿಗೆ ಆಧಾರವಾದ ಟೈಪ್ ಮಾದರಿ ನನ್ನ ಜೀರುಂಡೆಯೊಂದಿಗೆ ಹೊಂದಿದ್ದರೆ ಹಳೆಯ ಹೆಸರನ್ನೇ ಮತ್ತೆ ಬಳಕೆಗೆ ತರಬೇಕಾಗುತ್ತಿತ್ತು, ಹೊಸ ಪ್ರಭೇದದ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಸಂಗ್ರಹಾಲಯದಿಂದ ಆ ಮಾದರಿಯನ್ನು ಎರವಲು ಪಡೆದು ನೋಡಿದೆ: ನನ್ನ ಮಾದರಿಗಳಲ್ಲಿ ಕೊಕ್ಕೆಯಂತೆ ಬಾಗಿದ ಜನನಾಂಗದ ತುದಿ ಅದರಲ್ಲಿ ನೇರವಾಗಿತ್ತು.

ಬರವಣಿಗೆ ಆಮೇಲೆ ಬೇಗನೆ ಸಾಗಿತು. ಒಂದು ಗಂಡನ್ನು ಹೆಸರಿಗೆ ಆಧಾರವಾಗುವ ಏಕೈಕ ಮಾದರಿ, ಅಂದರೆ ಹೋಲೋಟೈಪ್ ಎಂದು ಗುರುತಿಸಿ, ಅದರ ಜೊತೆಗಿನ ಮಾದರಿಗಳಾದ ಉಳಿದವನ್ನು ಪ್ಯಾರಾಟೈಪ್‌ಗಳೆಂದು ಪಟ್ಟಿಮಾಡಿ, ಹೋಲೋಟೈಪ್ ಯಾವ ಸಂಗ್ರಹದಲ್ಲಿದೆ ಎಂಬುದನ್ನು ದಾಖಲಿಸಿದೆ. ವಿದ್ಯುನ್ಮಾನ ರೂಪದ ಪ್ರಕಟಣೆಯಾದ್ದರಿಂದ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ಆನ್‌ಲೈನ್ ದಾಖಲೆಯಾದ ಜೂಬ್ಯಾಂಕ್‌ನಲ್ಲಿ ಮೊದಲೇ ನೋಂದಾಯಿಸಬೇಕಾಯಿತು. ಪ್ರಭೇದದ ಹೆಸರು ಲ್ಯಾಟಿನ್ ವಿಶೇಷಣವಾಗಿದ್ದರೆ ಅದರ ಲಿಂಗ ಕುಲನಾಮದ ಲಿಂಗಕ್ಕೆ ಹೊಂದಬೇಕು; ಮುಂದೆ ಪ್ರಭೇದವನ್ನು ಬೇರೆ ಕುಲಕ್ಕೆ ಸೇರಿಸಿದರೆ ಹೆಸರಿನ ಅಂತ್ಯವೂ ಬದಲಾಗಬಹುದು. ಆ ತೊಡಕು ಬೇಡವೆಂದು ನಾನು ನಾಮಪದವನ್ನೇ ಆರಿಸಿಕೊಂಡೆ.